ಸಿಹಿನೀರಿನ ತಳ

ಸಮುದ್ರದ ದಂಡೆಯ ಊರುಗಳಲ್ಲಿ ಸಿಹಿನೀರಿಗೆ ಯಾವಾಗಲೂ ಎರಡನೆಯ ಮಣೆ. ಕುಡಿಯಲು, ಅನ್ನ ಬೇಯಿಸಲು, ಬಟ್ಟೆ ಒಗೆಯಲು ಅದೇ ಬೇಕು. ಆದರೆ ಮನೆಗೆ ಬಂದ ನೆಂಟರನ್ನು ಸಂಜೆ ಕರೆದುಕೊಂಡು ಹೋಗುವುದು ಮಾತ್ರ ಕಡಲ ತಡಿಗೆ. ನಮ್ಮ ಕಾರವಾರ, ಅಂಕೋಲೆಗಳ ಇತಿಹಾಸ ಬರೆದವರೂ ಉಪ್ಪುನೀರನ್ನೇ ಹೆಚ್ಚು ನೆಚ್ಚಿಕೊಂಡರು. ಬಂದರು, ಹಡಗು, ಕಾಳುಮೆಣಸಿನ ವ್ಯಾಪಾರ, ಸದಾಶಿವಗಡದ ಕೋಟೆ, 1930ರಲ್ಲಿ ಅಂಕೋಲೆಯಲ್ಲಿ ನಡೆದ ಉಪ್ಪಿನ ಸತ್ಯಾಗ್ರಹ – ಎಲ್ಲದರಲ್ಲೂ ಉಪ್ಪಿನ ರುಚಿಯಿದೆ. ರವೀಂದ್ರನಾಥ ಠಾಕೂರರು ತರುಣರಾಗಿದ್ದಾಗ ಕಾರವಾರಕ್ಕೆ ಬಂದು, ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯೇರಿ ಹೋದದ್ದನ್ನು ತಮ್ಮ ಜೀವನಸ್ಮೃತಿಯಲ್ಲಿ ಬರೆದುಕೊಂಡಿದ್ದಾರೆ. ಆದರೂ ನಾವು ಅವರ ಹೆಸರಿಟ್ಟದ್ದು ಕಡಲ ತೀರಕ್ಕೆ.

ಈಗ ಕೆಲವು ವರ್ಷಗಳಿಂದ ನಮ್ಮ ಜಿಲ್ಲೆಯಲ್ಲಿ ಹೊಸದೊಂದು ಹುಚ್ಚು ಹಬ್ಬಿದೆ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗುವುದು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುವುದು, ಬಣ್ಣಬಣ್ಣದ ಮೀನುಗಳ ನಡುವೆ ಫೋಟೋ ತೆಗೆಸಿಕೊಂಡು ಬರುವುದು. ಪುನೀತ್ ರಾಜ್‌ಕುಮಾರ್ ಅವರ ‘ಗಂಧದಗುಡಿ’ 2022ರಲ್ಲಿ ತೆರೆಗೆ ಬಂದಾಗ, ಅವರು ಇದೇ ನೇತ್ರಾಣಿಯ ನೀರಿನಲ್ಲಿ ಮುಳುಗಿ ಈಜುವುದನ್ನು ನಾವೆಲ್ಲ ನೋಡಿದೆವು. ಅಂದಿನಿಂದ ನಮ್ಮ ಮನೆಗಳ ಹುಡುಗಿಯರೂ ‘ಸ್ಕೂಬಾ ಡೈವಿಂಗ್’ ಎಂಬ ಮಾತನ್ನು ‘ಪಿಕ್‌ನಿಕ್’ ಎನ್ನುವಷ್ಟೇ ಸಲೀಸಾಗಿ ಆಡುತ್ತಾರೆ. ಒಳ್ಳೆಯದೇ ಆಯಿತು. ಆದರೆ ‘ಸಿಹಿನೀರಿನಲ್ಲೂ ಹೀಗೆ ಮುಳುಗುತ್ತಾರಂತಲ್ಲ?’ ಎಂದು ಕೇಳಿ ನೋಡಿ. ‘ಅಲ್ಲೇನಿದೆ, ಕೆಸರು?’ ಎಂಬ ಉತ್ತರ ಬರುತ್ತದೆ. ಆ ಕೆಸರಿನಲ್ಲಿ ಏನಿದೆ ಎಂದು ಹೇಳಲೆಂದೇ ಈ ಬರಹ.

ಸಿಹಿನೀರಿನ ತಳ ನಮ್ಮ ಹೆಂಗಸರಿಗೆ ಹೊಸದೇನಲ್ಲ. ಬಾವಿಗೆ ಕೊಡ ಬೀಳದ ಮನೆ ಎಲ್ಲಿದೆ? ಹಗ್ಗ ಕಳಚಿ ಕೊಡ ಬಿದ್ದಾಗ ಕೇರಿಯಲ್ಲಿ ಯಾರ ಮನೆಯಲ್ಲಿ ಪಾತಾಳಗರಡಿ ಇದೆಯೆಂದು ಹುಡುಕಿ, ಇಸಿದುಕೊಂಡು ತಂದು, ಆ ಕೊಕ್ಕೆಗಳ ಗೊಂಚಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಕಾಣದ ತಳವನ್ನು ಕೈಯ ತುದಿಯಿಂದಲೇ ಓದುತ್ತಿದ್ದೆವು. ‘ಇದು ಕಲ್ಲು, ಇದು ಬೇರು, ಇಕೋ ಕೊಡದ ಕಂಠ!’ ಎಷ್ಟೋ ಸಲ ನಾವು ಹುಡುಕಿದ ಕೊಡದ ಬದಲು ಹತ್ತು ವರ್ಷದ ಹಿಂದೆ ಬಿದ್ದ ತಂಬಿಗೆ ಮೇಲೆ ಬರುತ್ತಿತ್ತು. ತಿಕ್ಕಿ ತೊಳೆದರೆ ಅಡುಗೆಮನೆಗೆ ಮತ್ತೆ ಸಲ್ಲುವಂತಿರುತ್ತಿತ್ತು. ನೀರು ಎಲ್ಲವನ್ನೂ ನುಂಗುತ್ತದೆ, ಆದರೆ ಸಿಹಿನೀರು ನುಂಗಿದ್ದನ್ನು ಬಹಳ ಕಾಲ ಇಟ್ಟುಕೊಂಡಿರುತ್ತದೆ ಎಂಬುದು ಪಾತಾಳಗರಡಿ ಹಿಡಿದವರಿಗೆಲ್ಲ ಗೊತ್ತು.

ಸಮುದ್ರದಡಿಯ ಪುರಾತತ್ವವನ್ನು ಒಂದು ಶಾಸ್ತ್ರವಾಗಿ ಕಟ್ಟಿದವರಲ್ಲಿ ಆನರ್ ಫ್ರಾಸ್ಟ್ ಎಂಬ ಹೆಂಗಸಿನ ಹೆಸರು ದೊಡ್ಡದು. 1917ರಲ್ಲಿ ಸೈಪ್ರಸ್‌ನಲ್ಲಿ ಹುಟ್ಟಿದ ಈಕೆ ಮೆಡಿಟರೇನಿಯನ್ ಸಮುದ್ರದ ಹಳೆಯ ಹಡಗುಗಳನ್ನೂ ಕಲ್ಲಿನ ಲಂಗರುಗಳನ್ನೂ ಅಭ್ಯಾಸ ಮಾಡಿ ಹೆಸರಾದರು. ಆದರೆ ಆಕೆ ಮೊಟ್ಟಮೊದಲು ಮುಳುಗಿದ್ದು ಸಮುದ್ರದಲ್ಲಿ ಅಲ್ಲ. ಲಂಡನ್ನಿನ ವಿಂಬಲ್ಡನ್‌ನಲ್ಲಿ, ಒಂದು ಮನೆಯ ತೋಟದ ಬಾವಿಯಲ್ಲಿ! ಟೆನಿಸ್ ಆಟದ ಊರೆಂದಷ್ಟೇ ನಮಗೆ ಗೊತ್ತಿರುವ ವಿಂಬಲ್ಡನ್ನಿನ ಹಿತ್ತಲ ಬಾವಿಯೊಂದರಿಂದ ಆಕೆಯ ಜೀವನವೇ ಬೇರೆ ದಾರಿ ಹಿಡಿಯಿತು. ಇದನ್ನು ಓದಿದಂದು ನನಗೆ ನಮ್ಮ ಪಾತಾಳಗರಡಿಯ ಮೇಲೆ ಇದ್ದ ಗೌರವ ಇನ್ನಷ್ಟು ಹೆಚ್ಚಿತು.

ಇನ್ನೂ ಹಿಂದಕ್ಕೆ ಹೋದರೂ ಇದೇ ಕಥೆ. ರೋಮ್ ನಗರದ ಹತ್ತಿರ ನೆಮಿ ಎಂಬ ಚಿಕ್ಕ ಸರೋವರವಿದೆ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಕ್ಯಾಲಿಗುಲ ಎಂಬ ಚಕ್ರವರ್ತಿ ಅದರಲ್ಲಿ ತೇಲುವ ಅರಮನೆಗಳಂಥ ಎರಡು ದೊಡ್ಡ ಹಡಗುಗಳನ್ನು ಕಟ್ಟಿಸಿದ್ದ. ಅವು ಮುಳುಗಿದವು. ಮೀನುಗಾರರ ಬಲೆಗೆ ಆಗಾಗ ಮರದ ತುಂಡುಗಳು ಸಿಕ್ಕುತ್ತಿದ್ದುದರಿಂದ ಸುದ್ದಿ ಮಾತ್ರ ಸಾಯಲಿಲ್ಲ. 1446ರಲ್ಲಿ ಆಲ್ಬರ್ಟಿ ಎಂಬ ವಾಸ್ತುಶಿಲ್ಪಿ ಜಿನೋವಾದ ಮುಳುಗುಗಾರರನ್ನು ಕರೆಸಿ ಅವನ್ನು ಎತ್ತಿಸಲು ನೋಡಿದ, ಆಗಲಿಲ್ಲ. 1535ರಲ್ಲಿ ಫ್ರಾನ್ಸೆಸ್ಕೊ ದೆ ಮಾರ್ಕಿ ಎಂಬಾತ ತಲೆ ಮತ್ತು ಎದೆಯನ್ನು ಮುಚ್ಚುವ ಗಾಜಿನ ಕಿಂಡಿಯ ಪೆಟ್ಟಿಗೆಯೊಂದನ್ನು ತೊಟ್ಟು ತಾನೇ ಕೆಳಗಿಳಿದ. ಗಾಜಿನಲ್ಲಿ ಎಲ್ಲವೂ ದೊಡ್ಡದಾಗಿ ಕಂಡದ್ದನ್ನೂ, ಸಣ್ಣ ಮೀನುಗಳು ಬಂದು ತನ್ನನ್ನು ಕಚ್ಚಿ ಕಚ್ಚಿ ಗೋಳು ಹೊಯ್ದುಕೊಂಡದ್ದನ್ನೂ ಆತ ಬರೆದಿಟ್ಟಿದ್ದಾನೆ. ಕಳೆದುಹೋದ ಕಾಲವನ್ನು ನೋಡಲೆಂದು ಉಪಕರಣ ತೊಟ್ಟು ನೀರಿಗಿಳಿದವರಲ್ಲಿ ಮೊದಲಿಗರ ಸಾಲಿನವನು ಈತ. ಇಳಿದದ್ದು ಸಿಹಿನೀರಿಗೆ.

ಮುಂದೆ 1853-54ರ ಚಳಿಗಾಲದಲ್ಲಿ ಸ್ವಿಟ್ಜರ್‌ಲೆಂಡಿನ ಜೂರಿಕ್ ಸರೋವರದ ನೀರು ಎಂದೂ ಇಲ್ಲದಷ್ಟು ಇಳಿಯಿತು. ಕೆಸರಿನಿಂದ ಸಾಲು ಸಾಲು ಮರದ ಗೂಟಗಳು ಎದ್ದು ನಿಂತವು. ಸಾವಿರಾರು ವರ್ಷಗಳ ಹಿಂದೆ ಗೂಟಗಳ ಮೇಲೆ ಮನೆ ಕಟ್ಟಿಕೊಂಡಿದ್ದ ಜನರ ಹಳ್ಳಿಗಳು ಅವು. ಮರುವರ್ಷ ಅಲ್ಲ, ಅದೇ 1854ರಲ್ಲಿ, ಮೋರ್ಲೊ ಎಂಬ ಪಂಡಿತ ಜಿನೀವಾ ಸರೋವರದಲ್ಲಿ ಮುಳುಗಿ ಇಂಥದೇ ಹಳ್ಳಿಯನ್ನು ಹುಡುಕಿದ. ತಲೆಯ ಮೇಲೆ ಗಾಜು ಕೂಡಿಸಿದ ತಗಡಿನ ಬಕೆಟ್ಟು, ಒಂದು ಕೈಯಲ್ಲಿ ಗುದ್ದಲಿ, ಇನ್ನೊಂದರಲ್ಲಿ ಚಿಟ್ಟೆ ಹಿಡಿಯುವ ಬಲೆ. ಮೇಲೆ ದೋಣಿಯಲ್ಲಿ ಕೂತ ಗೆಳೆಯರು ಗಾಳಿ ಒತ್ತುತ್ತಿದ್ದರು. ಆ ಸರೋವರಗಳ ಕೆಸರಿನಿಂದ ಹೊರಬಂದದ್ದು ರಾಜರ ನಿಧಿಯಲ್ಲ. ನಾರಿನ ಬಟ್ಟೆಯ ಚೂರು, ಮೀನಿನ ಬಲೆ, ರೊಟ್ಟಿಯ ತುಣುಕು, ಹೋಳು ಮಾಡಿ ಒಣಗಿಸಿಟ್ಟ ಸೇಬು. ನಾವು ಹಪ್ಪಳ, ಸಂಡಿಗೆ, ಮಾವಿನ ಹೋಳು ಒಣಗಿಸಿಡುವ ಹಾಗೆ ಯಾವಳೋ ಒಬ್ಬಳು ಚಳಿಗಾಲಕ್ಕೆಂದು ಒಣಗಿಸಿಟ್ಟಿದ್ದ ಸೇಬು! ಇತಿಹಾಸದ ಪುಸ್ತಕಗಳಲ್ಲಿ ಎಷ್ಟು ಹುಡುಕಿದರೂ ಸಿಗದ ಅಡುಗೆಮನೆ, ಸರೋವರದ ತಳದಲ್ಲಿ ಸಿಕ್ಕಿತು. ಆಲ್ಪ್ಸ್ ಸುತ್ತಲಿನ ಆರು ದೇಶಗಳ ಇಂಥ 111 ನೆಲೆಗಳನ್ನು 2011ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಇಂದಿನ ಸ್ಕೂಬಾ ಉಪಕರಣದ ತವರೂ ಸಿಹಿನೀರೇ. ಫ್ರಾನ್ಸಿನ ಕುಸ್ತೊ ಮತ್ತು ಗಾನ್ಯಾಂ ಎಂಬಿಬ್ಬರು ಸೇರಿ, ಮುಳುಗಿದವನು ಉಸಿರೆಳೆದಾಗ ಮಾತ್ರ ಬೇಕಾದಷ್ಟೇ ಗಾಳಿ ಬಿಡುವ ಕವಾಟವನ್ನು ರೂಪಿಸಿದರು. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಮೋಟಾರುಗಳನ್ನು ಗ್ಯಾಸಿನಿಂದ ಓಡಿಸುತ್ತಿದ್ದಾಗ ಬಳಸಿದ ಕವಾಟವೇ ಅದಕ್ಕೆ ಮೂಲ. 1943ರಲ್ಲಿ ಅದನ್ನು ಮೊದಲು ಪರೀಕ್ಷಿಸಿದ್ದು ಪ್ಯಾರಿಸ್ ಬಳಿಯ ಮಾರ್ನ್ ನದಿಯಲ್ಲಿ. ಸಮುದ್ರಕ್ಕೆ ಹೋದದ್ದು ಆಮೇಲೆ.

ಸಿಹಿನೀರು ಹೀಗೆ ವಸ್ತುಗಳನ್ನು ಕಾಪಾಡುವುದಕ್ಕೆ ಕಾರಣವಿದೆ. ಕಡಲಿನಲ್ಲಿ ಮರ ಕೊರೆಯುವ ಹಡಗುಹುಳುಗಳಿವೆ. ನಮ್ಮ ಮೀನುಗಾರರು ದೋಣಿಯ ತಳಕ್ಕೆ ಎಣ್ಣೆ ಬಳಿಯುವುದು ಸುಮ್ಮನೆ ಅಲ್ಲ. ಸಿಹಿನೀರಿನಲ್ಲಿ ಆ ಹುಳುಗಳು ಬದುಕಲಾರವು. ಉಪ್ಪು ಕಬ್ಬಿಣವನ್ನು ತಿನ್ನುವಷ್ಟು ಬೇಗ ಸಿಹಿನೀರು ತಿನ್ನುವುದಿಲ್ಲ. ಆಳದ ಸರೋವರದ ತಳದಲ್ಲಿ ಅಲೆಯಿಲ್ಲ, ಬೆಳಕಿಲ್ಲ, ಪ್ರಾಣವಾಯು ಕಡಿಮೆ. ಹಾಗಾಗಿ ಕೊಳೆಯುವ ಕೆಲಸವೂ ನಿಧಾನ. ನೆಮಿಯ ಹಡಗುಗಳು ಹೀಗೆ ಸುಮಾರು 1900 ವರ್ಷ ಉಳಿದವು. ಸರೋವರದ ನೀರು ಬಸಿದು 1930ರ ಸುಮಾರಿಗೆ ಅವನ್ನು ಹೊರತೆಗೆದು ದಂಡೆಯ ಮೇಲೆ ವಸ್ತುಸಂಗ್ರಹಾಲಯ ಕಟ್ಟಿಟ್ಟರು. 1944ರ ಯುದ್ಧದ ಬೆಂಕಿಯಲ್ಲಿ ಎರಡೂ ಸುಟ್ಟುಹೋದವು. ನೀರಿನಡಿ ಸಾವಿರದೊಂಬೈನೂರು ವರ್ಷ, ನೆಲದ ಮೇಲೆ ಹದಿನೈದು ವರ್ಷವೂ ಇಲ್ಲ.

ಈಗ ನಮ್ಮ ಕಾಳಿ ನದಿಗೆ ಬರೋಣ. ಜೋಯಿಡಾ ತಾಲೂಕಿನ ಡಿಗ್ಗಿಯಲ್ಲಿ ಹುಟ್ಟಿ, 184 ಕಿಲೋಮೀಟರ್ ಹರಿದು, ಕಾರವಾರದ ಕೋಡಿಬಾಗದಲ್ಲಿ ಸಮುದ್ರ ಸೇರುವ ನದಿ. ಕೋಡಿಬಾಗದ ಸೇತುವೆಯ ಮೇಲೆ ನಿಂತು ನೋಡುವವರಿಗೆ ಅದು ಅಗಲವಾದ, ಉಪ್ಪು ಬೆರೆತ, ಸೋಮಾರಿ ನದಿ. ಮೇಲೆ ಹೋದಂತೆ ಅದು ನದಿಯಾಗಿ ಉಳಿದಿಲ್ಲ, ಸಾಲು ಸರೋವರಗಳಾಗಿದೆ. ಕಾರವಾರ ತಾಲೂಕಿನಲ್ಲೇ ಕದ್ರಾ, ಅದರ ಮೇಲೆ ಯಲ್ಲಾಪುರ ತಾಲೂಕಿನ ಕೊಡಸಳ್ಳಿ, ಇನ್ನೂ ಮೇಲೆ ಗಣೇಶಗುಡಿಯ ಬಳಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು. ಈ ಸರೋವರಗಳಿಂದ ನಾಡಿಗೆಲ್ಲ ವಿದ್ಯುತ್ತು ಬಂತು. ಅವುಗಳ ಅಡಿಯಲ್ಲಿ ಗದ್ದೆ, ತೋಟ, ದಾರಿ, ಮನೆಗಳು ಹೋದವು.

ಸೂಪಾ ಎಂಬುದು ಹಳ್ಳಿಯೂ ಅಲ್ಲ, ಒಂದು ತಾಲೂಕಿನ ಮುಖ್ಯ ಊರು. ಕಾಳಿ ಮತ್ತು ಪಾಂಡ್ರಿ ನದಿಗಳ ಸಂಗಮದಲ್ಲಿದ್ದ ಊರು. 1980ರ ದಶಕದಲ್ಲಿ ಜಲಾಶಯ ತುಂಬಿದಾಗ ಅದು ಮುಳುಗಿ, ತಾಲೂಕು ಕಚೇರಿಗಳು ಜೋಯಿಡಾಕ್ಕೆ ಹೋದವು. ಬಹಳಷ್ಟು ಜನ ರಾಮನಗರಕ್ಕೆ ಹೋಗಿ ನೆಲೆಸಿದರು. ಹೆಸರು ಮಾತ್ರ ಅಣೆಕಟ್ಟಿಗೆ ಉಳಿಯಿತು. ಊರನ್ನು ಮುಳುಗಿಸಿದ್ದಕ್ಕೇ ಊರಿನ ಹೆಸರು! ನಮ್ಮ ಅಂಕೋಲೆಯ ಗಂಗಾವಳಿಗೂ ಇದೇ ಗತಿ ಕಾದಿತ್ತು. ಅದರ ಮೇಲ್ಭಾಗದ ಬೇಡ್ತಿಗೆ ಯೋಚಿಸಿದ್ದ ಜಲವಿದ್ಯುತ್ ಯೋಜನೆಯನ್ನು ಜನರ ವಿರೋಧದಿಂದ 1980ರ ದಶಕದ ಆರಂಭದಲ್ಲಿ ಕೈಬಿಡಲಾಯಿತು. ಒಂದೇ ಜಿಲ್ಲೆಯ ಎರಡು ನದಿಗಳಲ್ಲಿ ಒಂದರ ಊರುಗಳು ನೀರಿನ ಮೇಲಿವೆ, ಇನ್ನೊಂದರವು ಅಡಿಯಲ್ಲಿವೆ.

ಕರ್ನಾಟಕದಲ್ಲಿ ಇಂಥ ತಳಗಳು ಎಷ್ಟೋ. ಶರಾವತಿಯ ಹಿರೇಭಾಸ್ಕರ ಅಣೆಕಟ್ಟು 1964ರಲ್ಲಿ ಅದಕ್ಕಿಂತ ದೊಡ್ಡದಾದ ಲಿಂಗನಮಕ್ಕಿಯ ನೀರಿನಲ್ಲಿ ತಾನೇ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಎದ್ದು ಕಾಣುತ್ತದೆ. ಕೃಷ್ಣರಾಜಸಾಗರದಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವೂ ಬರಗಾಲದಲ್ಲಿ ತಲೆಯೆತ್ತುತ್ತಿತ್ತು, ಈಗ ಅದನ್ನು ದಂಡೆಗೆ ತಂದು ಮತ್ತೆ ಕಟ್ಟಿದ್ದಾರೆ. ಗೊರೂರು ಹಿನ್ನೀರಿನ ಶೆಟ್ಟಿಹಳ್ಳಿಯ ಇಗರ್ಜಿಯನ್ನು ನೋಡಲು ಬಸ್ಸು ಮಾಡಿಕೊಂಡು ಹೋಗುವವರಿದ್ದಾರೆ. ಅಂದರೆ ಮುಳುಗಿದ ಊರಿನ ಸೆಳೆತ ನಮಗಿಲ್ಲವೆಂದಲ್ಲ. ನೀರು ಇಳಿಯಲಿ ಎಂದು ಕಾಯುತ್ತೇವೆ, ನೀರಿಗೆ ಇಳಿಯುವ ಯೋಚನೆ ಮಾಡಿಲ್ಲ, ಅಷ್ಟೆ.

ಚೀನಾದವರು ಮಾಡಿದರು. ಅಲ್ಲಿ ಶಿ ಚೆಂಗ್ ಎಂಬ ಪುರಾತನ ಪಟ್ಟಣ 1959ರಲ್ಲಿ ಜಲವಿದ್ಯುತ್ ಅಣೆಕಟ್ಟಿನ ನೀರಿನಲ್ಲಿ ಮುಳುಗಿತ್ತು. ನಾಲ್ಕು ದಶಕ ಎಲ್ಲರೂ ಮರೆತೇಬಿಟ್ಟಿದ್ದರು. 2001ರಲ್ಲಿ ಮುಳುಗುಗಾರರು ಇಳಿದು ನೋಡಿದರೆ, ಊರಬಾಗಿಲು, ಕೆತ್ತನೆಯ ಕಲ್ಲಿನ ಕಮಾನುಗಳು, ಮನೆಯೊಳಗಿನ ಮರದ ತೊಲೆಗಳು ಕೂಡ ಹಾಗೇ ನಿಂತಿದ್ದವು. ದೀಪದ ಬೆಳಕು ಬಿದ್ದಲ್ಲಷ್ಟೇ ಒಂದು ಸಿಂಹದ ಮುಖ, ಒಂದು ಹೊಸ್ತಿಲು. ನೇತ್ರಾಣಿಯ ಹಾಗೆ ಎಲ್ಲವೂ ಒಮ್ಮೆಗೇ ಕಣ್ಣಿಗೆ ಬೀಳುವುದಿಲ್ಲ. ಕತ್ತಲಲ್ಲಿ ಒಂದೊಂದೇ ವಸ್ತು ಎದುರಾಗುತ್ತದೆ. ಸಿಹಿನೀರಿನ ಆಕರ್ಷಣೆ ಇರುವುದು ಇಲ್ಲೇ. ಕಡಲಿನಲ್ಲಿ ನಾವು ಮೀನುಗಳ ಮನೆಗೆ ಅತಿಥಿಗಳು. ಇಲ್ಲಿ ಮನುಷ್ಯರ ಮನೆಗೇ ಹೋಗುತ್ತೇವೆ, ಮೀನುಗಳು ಬಾಡಿಗೆಗೆ ಇರುತ್ತವೆ.

ಈ ಚೀನಾದ ಕಥೆಯನ್ನು ನಾನು ಒಮ್ಮೆ ರಾಮನಗರದ ಹಿರಿಯ ಹೆಂಗಸೊಬ್ಬರಿಗೆ ಹೇಳಿದೆ. ಮದುವೆಯೊಂದರ ಊಟದ ಚಪ್ಪರದಲ್ಲಿ ಪಕ್ಕದಲ್ಲಿ ಕೂತವರು. ಸೂಪಾಕ್ಕೆ ಸೊಸೆಯಾಗಿ ಬಂದು, ಎರಡು ಮಕ್ಕಳನ್ನು ಹೆತ್ತು, ಊರು ಬಿಟ್ಟವರು. ಎಲ್ಲವನ್ನೂ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ:

“ಅಲ್ಲ ತಂಗಿ, ಆ ಮನೆಯೊಳಗೆ ಒಲೆ ಇತ್ತಂತೋ?”

ನನಗೆ ಉತ್ತರ ಹೊಳೆಯಲಿಲ್ಲ. “ಯಾಕೆ ಅಜ್ಜಿ?” ಎಂದೆ.

“ನಾವು ಬರುವಾಗ ದೇವರನ್ನು ತಂದೆವು, ಬಾಗಿಲು, ಕಿಟಕಿ, ಹಂಚು ಎಲ್ಲ ಕಿತ್ತು ತಂದೆವು. ಒರಳುಕಲ್ಲು ನೆಲದಲ್ಲಿ ಹೂತಿತ್ತು, ಏಳಲಿಲ್ಲ. ಅತ್ತೆಯವರು ಅದರ ಗುಂಡನ್ನು ಮಾತ್ರ ತೊಳೆದು, ಕುಳಿಯಲ್ಲಿ ಸರಿಯಾಗಿ ಕೂರಿಸಿ ಬಂದರು. ಅದು ಈಗಲೂ ಹಾಗೇ ಇದ್ದೀತು, ಅಲ್ಲ?”

“ಇದ್ದೀತು” ಎಂದೆ. ಕಲ್ಲಿಗೆ ನಲವತ್ತು ವರ್ಷ ಯಾವ ಲೆಕ್ಕ! ಅವರು ತಲೆಯಾಡಿಸಿ, ಪಾಯಸ ಬಡಿಸುವವನನ್ನು ಕರೆದು ನನ್ನ ಎಲೆಗೆ ಇನ್ನಷ್ಟು ಹಾಕಿಸಿದರು.

ಹಾಗೆಂದು ನಾಳೆಯೇ ಸಿಲಿಂಡರ್ ಕಟ್ಟಿಕೊಂಡು ಸೂಪಾದಲ್ಲಿ ಧುಮುಕಬಹುದೆಂದು ನಾನು ಹೇಳುತ್ತಿಲ್ಲ. ಸಿಹಿನೀರಿಗೆ ಅದರದೇ ಆದ ಕಟ್ಟುನಿಟ್ಟುಗಳಿವೆ. ಅದು ಉಪ್ಪುನೀರಿನಷ್ಟು ನಮ್ಮನ್ನು ತೇಲಿಸುವುದಿಲ್ಲ. ಹಾಗಾಗಿ ಸೊಂಟಕ್ಕೆ ಕಟ್ಟುವ ಸೀಸದ ತೂಕವನ್ನು ಎರಡು ಮೂರು ಕಿಲೋ ಕಡಿಮೆ ಮಾಡಬೇಕು. ಸಮುದ್ರಮಟ್ಟದಿಂದ 300 ಮೀಟರಿಗಿಂತ ಎತ್ತರದ ಸರೋವರಗಳಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ, ಎಷ್ಟು ಹೊತ್ತು ಮುಳುಗಬಹುದು, ಎಷ್ಟು ನಿಧಾನ ಮೇಲೇರಬೇಕು ಎಂಬ ಲೆಕ್ಕವೇ ಬೇರೆ. ಸೂಪಾ ತುಂಬಿದಾಗ ನೀರಿನ ಮಟ್ಟ 564 ಮೀಟರ್. ಹವ್ಯಾಸಿಗಳು 40 ಮೀಟರಿಗಿಂತ ಕೆಳಗೆ ಹೋಗಬಾರದೆಂಬುದು ಎಲ್ಲೆಡೆಯ ನಿಯಮ. ಮಳೆಗಾಲದ ಕೆಂಪು ನೀರಿನಲ್ಲಿ ಸ್ವಂತ ಕೈಯೂ ಕಾಣದು. ಮುಳುಗಿದ ಮರಗಳ ಕೊಂಬೆ, ಹಳೆಯ ತಂತಿ, ಅಣೆಕಟ್ಟಿನ ತೂಬಿನ ಸೆಳೆತ ಎಲ್ಲವೂ ಅಪಾಯ. ದಾಂಡೇಲಿಯ ಕಡೆ ಕಾಳಿಯಲ್ಲಿ ಮೊಸಳೆಗಳಿವೆ. ಕದ್ರಾ ಹಿನ್ನೀರಿನ ದಂಡೆಯಲ್ಲೇ ಕೈಗಾ ಅಣುವಿದ್ಯುತ್ ಕೇಂದ್ರವಿದೆ. ಅಲ್ಲಿ ಮನಬಂದಂತೆ ನೀರಿಗಿಳಿಯಲು ಸಾಧ್ಯವಿಲ್ಲ. ಕುಸ್ತೊ ಅವರಂಥವರೇ 1946ರಲ್ಲಿ ಫ್ರಾನ್ಸಿನ ವೊಕ್ಲೂಸ್ ಎಂಬ ಸಿಹಿನೀರಿನ ಬುಗ್ಗೆಯೊಳಗೆ ಇಳಿದು, ಸಿಲಿಂಡರಿನ ಗಾಳಿಯಲ್ಲಿ ವಿಷಾನಿಲ ಬೆರೆತಿದ್ದರಿಂದ ಸಾಯುವಷ್ಟಾಗಿ ಮೇಲೆ ಬಂದರು.

ಸಿಹಿನೀರಿನ ಕಠೋರತೆಯನ್ನು ಅಂಕೋಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಗಂಗಾವಳಿಗೆ ಬಿದ್ದಿತು. ಮನುಷ್ಯರು, ವಾಹನಗಳು ಮಣ್ಣಿನೊಂದಿಗೆ ನದಿ ಸೇರಿದವು. ಎದುರು ದಂಡೆಯ ಉಳುವರೆಯ ಮನೆಗಳಿಗೂ ನೀರು ನುಗ್ಗಿ ಅನಾಹುತವಾಯಿತು. ನೌಕಾಪಡೆಯ ಮುಳುಗುಗಾರರು ಬಂದರೂ ಸೆಳವು ಅವರನ್ನು ಇಳಿಯಗೊಡಲಿಲ್ಲ. ಮಲ್ಪೆಯ ಈಶ್ವರ್ ಮಲ್ಪೆ ಅವರು ತಮ್ಮ ಜನರೊಂದಿಗೆ ಬಂದು ಆ ರಾಡಿ ನೀರಿನಲ್ಲಿ ಮತ್ತೆ ಮತ್ತೆ ಇಳಿದರು. ಅಲ್ಲಿ ಕಣ್ಣಿಗೆ ಕೆಲಸವಿಲ್ಲ, ಕೈತಡವಿ ಹುಡುಕಬೇಕು – ನಮ್ಮ ಪಾತಾಳಗರಡಿಯ ಹಾಗೆ. ಕೊನೆಗೆ ಗೋವಾದಿಂದ ಹೂಳೆತ್ತುವ ಯಂತ್ರ ತಂದ ಮೇಲೆ, ಸೆಪ್ಟೆಂಬರ್ 25ರಂದು, ಲಾರಿಯೊಂದು ಅದರ ಚಾಲಕನ ದೇಹದೊಂದಿಗೆ ಮೇಲೆ ಬಂತು. ಎಪ್ಪತ್ತು ದಿನ ದಂಡೆಯತ್ತಲೇ ಮುಖ ಮಾಡಿದ್ದ ಆ ಮನೆಯವರಿಗೆ, ಸುಟ್ಟು ಬೂದಿ ಮಾಡಲಿಕ್ಕಾದರೂ ಏನೋ ಸಿಕ್ಕಿತು. ಸಿಹಿನೀರಿನ ತಳಕ್ಕೆ ಇಳಿಯಬಲ್ಲವರು ಒಂದು ಜಿಲ್ಲೆಗೆ ಯಾಕೆ ಬೇಕು ಎಂದು ಅಂದು ಎಲ್ಲರಿಗೂ ಅರ್ಥವಾಯಿತು. ಮೋಜಿಗೆಂದು ಕಲಿತ ವಿದ್ಯೆಯೂ ಇಂಥ ಹೊತ್ತಿಗೆ ಒದಗುತ್ತದೆ.

ನೀರಿನಡಿಯ ಇತಿಹಾಸ ಹುಡುಕುವುದರಲ್ಲಿ ಕನ್ನಡಿಗರೇನೂ ಹಿಂದಿಲ್ಲ. ದ್ವಾರಕೆಯ ಸಮುದ್ರದಲ್ಲಿ ಶೋಧ ನಡೆಸಿದ ಶಿಕಾರಿಪುರ ರಂಗನಾಥ ರಾವ್ ನಮ್ಮವರೇ. ಅವರು ಕೆಲಸ ಮಾಡಿದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ಇರುವುದು ಪಕ್ಕದ ಗೋವಾದಲ್ಲಿ. ದ್ವಾರಕೆಯಷ್ಟು ದೂರದ ಕಾಲಕ್ಕೆ ಹೋಗಬಲ್ಲವರಿಗೆ ಸೂಪಾದ ನಲವತ್ತು ವರ್ಷ ಕಷ್ಟವಾಗಲಾರದು. ಒಪ್ಪಿಗೆ ಪಡೆದು, ತರಬೇತಿ ಪಡೆದವರು, ನೀರು ತಿಳಿಯಾದ ಕಾಲದಲ್ಲಿ ಇಳಿದು ಒಂದು ಚಿತ್ರವನ್ನಾದರೂ ತೆಗೆದು ತಂದರೆ, ಅದನ್ನು ನೋಡಲು ರಾಮನಗರದಲ್ಲಿ ಜನ ಸೇರುತ್ತಾರೆ.

ಆದರೆ ಇಳಿಯುವವರಿಗೆ ಎಲ್ಲಿ ಇಳಿಯಬೇಕೆಂದು ಹೇಳುವವರು ಬೇಕು. ಯಾವ ಮನೆ ಯಾವ ದಾರಿಯಲ್ಲಿತ್ತು, ಬಾವಿ ಯಾವ ಮೂಲೆಯಲ್ಲಿ, ತುಳಸಿಕಟ್ಟೆ ಯಾವ ದಿಕ್ಕಿಗೆ, ಸಂತೆ ಎಲ್ಲಿ ಕೂರುತ್ತಿತ್ತು – ಇದು ಸರಕಾರದ ನಕ್ಷೆಯಲ್ಲಿ ಇರುವುದಿಲ್ಲ, ಆಗ ಸೊಸೆಯರಾಗಿದ್ದವರ ತಲೆಯಲ್ಲಿರುತ್ತದೆ. ಅವರೆಲ್ಲ ಈಗ ಅಜ್ಜಿಯರು. ಅವರ ಹತ್ತಿರ ಕೂತು, ಮಕ್ಕಳ ಹಳೆಯ ನೋಟುಬುಕ್ಕಿನ ಹಾಳೆಯಲ್ಲಿ ಅವರು ಹೇಳಿದಂತೆ ಗೆರೆ ಎಳೆದು ಒಂದು ನಕ್ಷೆ ಬರೆದುಕೊಳ್ಳಲು ಸಿಲಿಂಡರೂ ಬೇಡ, ಈಜೂ ಬೇಡ. ಆ ಮದುವೆಯ ಅಜ್ಜಿಯ ವಿಳಾಸ ಬರೆದಿಟ್ಟುಕೊಂಡಿದ್ದೇನೆ. ಮಳೆ ಕಳೆದ ಮೇಲೆ ರಾಮನಗರಕ್ಕೆ ಹೋಗಬೇಕು. ನಿಮ್ಮ ನೆಂಟರಲ್ಲಿ ಮುಳುಗಿದ ಊರಿನವರು ಯಾರಾದರೂ ಇದ್ದರೆ, ನೀವೂ ಹೋಗಿ ಬನ್ನಿ.